ಸೀಟಿಗೆ ಎರಡು ತೂತು

ಹಲ್ಲಿನ ಡಾಕ್ಟರು ತಮ್ಮ ಅಪ್ಪನ ಕಾಲದ ಕಾರನ್ನು ತಂದು ಅಂಗಡಿಯ ಮುಂದೆ ನಿಲ್ಲಿಸಿದಾಗ ಸೂಜಿಯಮ್ಮನ ಬಾಯಲ್ಲಿ ಐದಾರು ಮೊಳೆಗಳಿದ್ದವು. ಹಾಗಾಗಿ ಬಂದವರಿಗೆ ಬನ್ನಿ, ಕೂತ್ಕೊಳ್ಳಿ ಎನ್ನಲಾಗಲಿಲ್ಲ. ಮೊಳೆ ಇಲ್ಲದಿದ್ದರೂ ಅನ್ನುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಹಳೆಯ ಕಾರುಗಳ ಸೀಟು ಹೊಲಿಯುವುದು ಅವಳ ಕೆಲಸ. ಕಲಿಸಿದವರು ಮಾವ. ಮೊದಲು ಮಗನಿಗೆ ಕಲಿಸಲು ನೋಡಿದರು. ಅವನ ಕೈಗೆ ಸೂಜಿ ಒಗ್ಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಸೊಸೆಯನ್ನು ಕರೆದು ಮಿಷನ್ನಿನ ಮುಂದೆ ಕೂರಿಸಿದರು. ಅಲ್ಲಿಂದ ಮೂವತ್ತೈದು ವರ್ಷ ಅವಳು ಸೀಟು ಬಿಚ್ಚಿದ್ದಾಳೆ, ಹೊಲಿದಿದ್ದಾಳೆ. ಬಿಚ್ಚಿದಾಗಲೆಲ್ಲ ಅಡಿಯಲ್ಲಿ ಸಿಕ್ಕಿದ್ದನ್ನು ನೋಡಿ ನೋಡಿ, ಕಾರು ಓಡಿಸುತ್ತಾ ತಿನ್ನುವವರೆಂದರೆ ಅವಳಿಗೆ ಮೈಯೆಲ್ಲ ಉರಿ. ಕಡಲೆಕಾಯಿ ಸಿಪ್ಪೆ, ಬಿಸ್ಕತ್ತಿನ ಪುಡಿ, ಕರಗಿ ಮತ್ತೆ ಗಟ್ಟಿಯಾದ ಚಾಕೊಲೇಟು, ಚೀಪಿ ಬಿಟ್ಟ ಕೋಳಿಮೂಳೆ. ಒಮ್ಮೆ ಅರ್ಧ ಕಚ್ಚಿದ ಬೇಯಿಸಿದ ಮೊಟ್ಟೆ ಸಿಕ್ಕಿತ್ತು. ಬೀಳಿಸಿದರೆ ಟಣ್ಣೆನ್ನುವಷ್ಟು ಒಣಗಿತ್ತು. ಆ ಕಾರಿನ ಯಜಮಾನ ಹೊರಗೆ ನಿಂತು ಬಾನೆಟ್ಟನ್ನು ಮಗುವಿನ ಕೆನ್ನೆ ಒರೆಸಿದ ಹಾಗೆ ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಿದ್ದ.

"ಮನೇಲಿ ಮೇಜಿದೆ, ಆಫೀಸಲ್ಲಿ ಕ್ಯಾಂಟೀನಿದೆ, ದಾರಿ ಉದ್ದಕ್ಕೂ ಹೋಟ್ಲಿದೆ. ಇವ್ರಿಗೆ ಸ್ಟೀರಿಂಗ್ ಮುಟ್ಟಿದಾಗ್ಲೇ ಹಸಿವಾಗ್ಬೇಕು" ಎಂದು ಅವಳು ಗೊಣಗುವುದಿತ್ತು.

ಡಾಕ್ಟರ ಕಾರು ಅರವತ್ತು ವರ್ಷದ್ದು, ಕಡುಹಸಿರು ಬಣ್ಣ. ಮುಂದೆ ಈಗಿನ ಹಾಗೆ ಎರಡು ಬೇರೆ ಬೇರೆ ಸೀಟುಗಳಿಲ್ಲ. ಈ ಬಾಗಿಲಿಂದ ಆ ಬಾಗಿಲವರೆಗೆ ಒಂದೇ ಉದ್ದನೆಯ ಸೀಟು, ಸೋಫಾದ ಹಾಗೆ. ಅದರ ಕಂದು ಚರ್ಮ ಹೊಲಿದವರು ಸೂಜಿಯಮ್ಮನ ಮಾವನೇ. ಹೊಲಿಗೆ ಒಂದೂ ಬಿಟ್ಟಿರಲಿಲ್ಲ.

"ನೋಡಮ್ಮಾ, ಇಲ್ಲಿ ಮಧ್ಯದಲ್ಲಿ ಕತ್ತರಿಸಿ ಎರಡು ತೂತು ಮಾಡ್ಬೇಕು" ಎಂದರು ಡಾಕ್ಟರು, ಬಾಯಿ ತೆರೆಸಿ ಹಲ್ಲು ತೋರಿಸುವ ಹಾಗೆ ಬೆರಳಿಟ್ಟು. "ಒಂದು ಟೀಗೆ, ಒಂದು ನೀರಿಗೆ. ಬರೋ ತಿಂಗಳು ಹಳೇ ಕಾರುಗಳ ಪ್ರದರ್ಶನ ಇದೆ. ಎರಡು ಗಂಟೆ ದಾರಿ. ನಂಗೆ ಟೀ ಇಲ್ದೆ ಆಗಲ್ಲ."

ಸೂಜಿಯಮ್ಮ ಮೊಳೆಗಳನ್ನು ಅಂಗೈಗೆ ಉಗಿದಳು.

"ಸೀಟಿರೋದು ಕೂರೋಕೆ, ಡಾಕ್ಟ್ರೇ."

"ಈಗಿನ ಎಲ್ಲಾ ಕಾರಲ್ಲೂ ಇರುತ್ತಲ್ಲ!"

"ಈಗಿನ ಕಾರು ತಗೊಳ್ಳಿ ಹಾಗಾದ್ರೆ. ಇದನ್ನ ಮಾಡಿದೋರು, ಓಡಿಸೋನು ಓಡಿಸ್ತಾನೆ ಅಂದ್ಕೊಂಡಿದ್ರು. ಹೊಟ್ಟೆಬಾಕ ಅಂತ ಅವ್ರಿಗೆ ಗೊತ್ತಿರಲಿಲ್ಲ."

ಡಾಕ್ಟರಿಗೆ ಗೆಲ್ಲುವ ದಾರಿ ಹೊಳೆಯಿತು. ಬಗ್ಗಿ ಡ್ಯಾಶ್‌ಬೋರ್ಡಿನ ಗೂಡಿನ ಮುಚ್ಚಳ ಎಳೆದರು. ಅದು ಕೆಳಮುಖವಾಗಿ ತೆರೆದು ಸಣ್ಣ ಮೇಜಿನ ಹಾಗೆ ನಿಂತಿತು. ಒಳಮೈಯಲ್ಲಿ ಲೋಟದ ತಳದಷ್ಟು ಅಗಲದ ಎರಡು ತೆಳು ಗುಳಿಗಳಿದ್ದವು. "ಇದೇನು ಮತ್ತೆ? ಕಂಪನಿಯವರೇ ಕೊಟ್ಟಿದ್ದಾರೆ. ಅವ್ರೂ ಕುಡೀತಿದ್ರು!"

ಸೂಜಿಯಮ್ಮ ಒಳಗೆ ಹೋಗಿ ತನ್ನ ಸ್ಟೀಲ್ ಲೋಟದಲ್ಲಿ ನೀರು ತಂದು ಒಂದು ಗುಳಿಯಲ್ಲಿಟ್ಟಳು. "ಹತ್ತಡಿ ಓಡಿಸಿ" ಎಂದಳು. ಡಾಕ್ಟರು ಓಡಿಸಿದರು. ಐದನೇ ಅಡಿಗೆ ಲೋಟ ಜಾರಿತು, ಏಳಕ್ಕೆ ಉರುಳಿತು, ಬ್ರೇಕು ಹಾಕಿದಾಗ ನೀರೆಲ್ಲ ಡಾಕ್ಟರ ಪಾಲಿಶ್ ಮಾಡಿದ ಬೂಟಿನೊಳಗೆ ಹೋಯಿತು.

"ಅದು ನಿಲ್ಲಿಸಿ ಕುಡಿಯೋರಿಗೆ ಇಟ್ಟದ್ದು. ನಿಲ್ಲಿಸೋ ತಾಳ್ಮೆ ಇರೋರಿಗೆ."

ಡಾಕ್ಟರು ಬೂಟು ಬಿಚ್ಚಿ ನೀರು ಚೆಲ್ಲಿದರು. ಊರಲ್ಲಿ ಇವಳೊಬ್ಬಳೇ ಅಲ್ಲ ಎಂದು ಹೇಳಿ, ಒಂದು ಕಾಲಲ್ಲಿ ಬೂಟು, ಒಂದರಲ್ಲಿ ಬರಿ ಕಾಲುಚೀಲ ಹಾಕಿಕೊಂಡೇ ಹೊರಟುಹೋದರು.

ಮಾರನೆಯ ದಿನ ಅವರ ಹೆಂಡತಿ ನಡೆದುಕೊಂಡು ಬಂದಳು. ತೆಳ್ಳಗಿನ, ಮೆಲುಮಾತಿನ ಹೆಂಗಸು. ಬಲ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಸೂಜಿಯಮ್ಮ ಸ್ಟೂಲು ಕೊಟ್ಟಳು.

"ದಯವಿಟ್ಟು ಅವ್ರಿಗೆ ಅದನ್ನ ಮಾಡ್ಕೊಡಿ" ಎಂದಳು ಆಕೆ.

"ನೀವು ಹೇಳೋಕೆ ಬಂದ್ರಾ? ಅವ್ರಿಗೆ ಬಾಯಿಲ್ವಾ?"

"ಅವ್ರಿಗೋಸ್ಕರ ಅಲ್ಲ. ನನಗೋಸ್ಕರ." ಆಕೆ ಪಟ್ಟಿ ಸುತ್ತಿದ ಕೈ ಎತ್ತಿದಳು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. "ಇಷ್ಟು ದಿನ ಲೋಟ ಹಿಡೀತಿದ್ದದ್ದು ನಾನು. ಮದುವೆಯಾಗಿ ಮೂವತ್ತೊಂದು ವರ್ಷ. ಅವ್ರು ಓಡಿಸ್ತಾರೆ, ನಾನು ಟೀ ಹಿಡ್ಕೊಂಡಿರ್ತೀನಿ. ಕೇಳ್ದಾಗ ಕೊಡ್ಬೇಕು, ಗುಟುಕು ಕುಡಿದ್ಮೇಲೆ ವಾಪಸ್ ತಗೋಬೇಕು. ಬನ್ನು ಮುರಿದು ಕೊಡ್ಬೇಕು, ಮೊಟ್ಟೆ ಸುಲಿದು ಕೊಡ್ಬೇಕು, ಕಿತ್ತಳೆ ಬೀಜ ತೆಗೆದು ಕೊಡ್ಬೇಕು. ಆಮೇಲೆ ಬಾಯಿ ಒರೆಸ್ಬೇಕು."

"ಬಾಯಿ ಒರೆಸೋದಾ?"

"ಅವ್ರ ಎರಡೂ ಕೈ ಸ್ಟೀರಿಂಗ್ ಮೇಲಿರುತ್ತಲ್ಲ." ಆಕೆ ಇದನ್ನು ಯಾವ ವ್ಯಂಗ್ಯವೂ ಇಲ್ಲದೆ ಹೇಳಿದಳು. "ಎಷ್ಟೋ ಊರು ಸುತ್ತಿದ್ದೀವಿ. ಯಾವ ಊರೂ ನೆನಪಿಲ್ಲ ನಂಗೆ. ಟೀ ಚೆಲ್ಲುತ್ತೇನೋ ಅಂತ ಲೋಟವನ್ನೇ ನೋಡ್ತಿದ್ದೆ. ಈಗ ಕೈ ನಿಲ್ತಿಲ್ಲ, ಚೆಲ್ಲುತ್ತೆ. ಚೆಲ್ಲಿದ್ರೆ ಬೈತಾರೆ. ಅದಕ್ಕೇ ತೂತು ಮಾಡಿಸೋಕೆ ಹೊರಟಿದ್ದು."

ಸೂಜಿಯಮ್ಮನಿಗೆ ಡಾಕ್ಟರ ಮೇಲೆ ಮೊದಲೇ ಇದ್ದ ತಿರಸ್ಕಾರ ಈಗ ದುಪ್ಪಟ್ಟಾಯಿತು. ಅದರ ಒಂದು ಪಾಲು ಈ ಹೆಂಗಸಿನ ಮೇಲೂ ಹರಿಯಿತು. ಮೂವತ್ತೊಂದು ವರ್ಷ! ಮೊದಲನೇ ವರ್ಷವೇ ತೊಡೆಯ ಮೇಲೆ ಒಂದು ಸಲ ಚೆಲ್ಲಿದ್ದರೆ ಎಲ್ಲ ಮುಗಿಯುತ್ತಿತ್ತಲ್ಲ. ಆದರೆ ಆ ನಡುಗುವ ಬೆರಳು ನೋಡಿ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

"ಸೀಟು ಕತ್ತರಿಸಲ್ಲ. ಬೇರೆ ಏನಾದ್ರೂ ಮಾಡ್ತೀನಿ. ನಿಮ್ಮ ಮುಖ ನೋಡ್ಕೊಂಡು."

ಒಂದು ಗಟ್ಟಿ ಹಲಗೆಯ ಪೆಟ್ಟಿಗೆ ಮಾಡಿಸಿ, ತಳಕ್ಕೆ ಮರಳಿನ ಚೀಲ ಹೊಲಿದು ಭಾರ ಕೊಟ್ಟು, ಮೇಲೆ ಲೋಟ ಕೂರುವ ಎರಡು ಗುಂಡು ಬಾಯಿ ಬಿಟ್ಟು, ಸೀಟಿನದೇ ಬಣ್ಣದ ಚರ್ಮ ಹೊದಿಸಿದಳು. ಸೀಟಿನ ಮಧ್ಯೆ ಇಟ್ಟರೆ ಅಲುಗದು, ಎತ್ತಿದರೆ ಗುರುತೂ ಉಳಿಯದು. ಒಂದೊಂದು ಹೊಲಿಗೆಗೂ ಡಾಕ್ಟರನ್ನು ಬೈದುಕೊಂಡಳು. ಹಾಗೆಂದು ಒಂದು ಹೊಲಿಗೆಯೂ ಸೊಟ್ಟಗಾಗಲಿಲ್ಲ. ಕೆಟ್ಟ ಕೆಲಸ ಮಾಡುವುದು ಅವಳಿಗೆ ಗೊತ್ತಿರಲಿಲ್ಲ. ಪೆಟ್ಟಿಗೆ ಮನೆಗೆ ಬಂದದ್ದೇ ಡಾಕ್ಟರು ಬೂಟಿನ ಸಿಟ್ಟು ಮರೆತರು.

ಪ್ರದರ್ಶನದಲ್ಲಿ ತೀರ್ಪುಗಾರರು ಸೀಟಿನ ಬಗ್ಗೆ ಏನಾದರೂ ಕೇಳಿದರೆ ಉತ್ತರ ಹೇಳಲು ಹೊಲಿದವರ ಕಡೆಯವರು ಇರಲಿ ಎಂದು ಡಾಕ್ಟರು ಸೂಜಿಯಮ್ಮನನ್ನೂ ಕರೆದರು. ಮಾವನ ಕೆಲಸ ಹತ್ತು ಜನ ನೋಡುವುದನ್ನು ನೋಡಬೇಕೆಂಬ ಆಸೆಗೆ ಅವಳು ಒಪ್ಪಿದಳು. ಬೆಳಿಗ್ಗೆ ಎಂಟಕ್ಕೆ ಹಿಂದಿನ ಸೀಟಿನಲ್ಲಿ ಕೂತಳು. ಡಾಕ್ಟರ ಹೆಂಡತಿ ಮುಂದಿನ ಬಾಗಿಲಿಗೆ ಕೈ ಹಾಕಿ, ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಹಿಂದಿನ ಬಾಗಿಲು ತೆಗೆದು ಸೂಜಿಯಮ್ಮನ ಪಕ್ಕ ಬಂದು ಕೂತಳು.

"ಏ, ಇದೇನು? ನಾನೇನು ನಿಮ್ಮ ಡ್ರೈವರಾ?" ಎಂದರು ಡಾಕ್ಟರು.

"ಮುಂದೆ ಪೆಟ್ಟಿಗೆ ಇದೆಯಲ್ಲ ರೀ. ಇರುಕಾಗುತ್ತೆ."

ಮೂರು ಜನ ಆರಾಮಾಗಿ ಕೂರುವ ಸೀಟಿನಲ್ಲಿ ಇರುಕು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

ಊರು ದಾಟುವವರೆಗೆ ಎಲ್ಲ ಸರಿಯಿತ್ತು. ಪೆಟ್ಟಿಗೆಯಲ್ಲಿ ಟೀ ಲೋಟ ಕಂಬದ ಹಾಗೆ ನಿಂತಿತ್ತು. ಡಾಕ್ಟರು ತೆಗೆಯುತ್ತಿದ್ದರು, ಸೊರ್ ಎಂದು ಹೀರುತ್ತಿದ್ದರು, ಇಡುತ್ತಿದ್ದರು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಸದ್ದು ಯಾಕೆ ಬೇಕೋ ಎಂದು ಸೂಜಿಯಮ್ಮ ಅವರ ಕುತ್ತಿಗೆಯ ಹಿಂಭಾಗವನ್ನೇ ನೋಡುತ್ತಿದ್ದಳು.

"ಬನ್ನು ಕೊಡು" ಎಂದರು ಡಾಕ್ಟರು.

"ನಿಮ್ಮ ಪಕ್ಕದಲ್ಲೇ ಇದೆ ರೀ, ಚೀಲದಲ್ಲಿ."

"ಮುರಿದು ಕೊಡು ಅಂದೆ."

"ಕೈ ಎಟುಕಲ್ಲ."

ಡಾಕ್ಟರು ಒಂದು ಕೈಯಲ್ಲಿ ಚೀಲ ಬಿಚ್ಚಿದರು. ಬನ್ನನ್ನು ಇಡಿಯಾಗಿ ಬಾಯಿಗೆ ತುರುಕಿದರು. ಅದರ ಬೆಣ್ಣೆ ಹಚ್ಚಿದ ಅರ್ಧ ಜಾರಿ ಕಾಲ ಬಳಿ ಬಿತ್ತು. ಅದನ್ನು ಅಲ್ಲೇ ಬಿಟ್ಟಿದ್ದರೆ ಆಗುತ್ತಿತ್ತು. ಅಷ್ಟೆಲ್ಲ ಓದಿದವರು, ಊರಿನ ಅರ್ಧ ಜನರ ಬಾಯಿ ರಿಪೇರಿ ಮಾಡಿದವರು, ನೆಲಕ್ಕೆ ಬಿದ್ದ ಅರ್ಧ ಬನ್ನಿಗಾಗಿ ರಸ್ತೆಯಿಂದ ಕಣ್ಣು ತೆಗೆದು ಬಗ್ಗಿದರು.

"ರೀ!" ಎಂದು ಹೆಂಡತಿ ಕೂಗುವಷ್ಟರಲ್ಲಿ ಕಾರು ರಸ್ತೆ ಬಿಟ್ಟು, ರಿಪೇರಿಗೆಂದು ಸುರಿದಿದ್ದ ಮಣ್ಣಿನ ಗುಡ್ಡೆಗೆ ಮೂತಿ ಇಟ್ಟು ನಿಂತಿತು.

ಯಾರಿಗೂ ಪೆಟ್ಟಾಗಲಿಲ್ಲ. ಕಾರಿಗೂ ಆಗಲಿಲ್ಲ, ಮೆತ್ತನೆಯ ಮಣ್ಣು. ಕೆಲಸದವರು ಸಲಿಕೆ ಊರಿ ನಿಂತು ನೋಡಿದರು. ಡಾಕ್ಟರು ತಲೆ ಎತ್ತಿದಾಗ ಬಾಯಿ ತುಂಬ ಬನ್ನು, ಕೈಯಲ್ಲಿ ಮಿಕ್ಕ ಬನ್ನು. ಪೆಟ್ಟಿಗೆಯಲ್ಲಿ ಟೀ ಒಂದು ಹನಿಯೂ ಚೆಲ್ಲಿರಲಿಲ್ಲ.

"ಎಲ್ಲಾ ನಿನ್ನಿಂದ!" ಎಂದರು, ನುಂಗಲು ಸಾಧ್ಯವಾದ ಮೇಲೆ. "ಮುಂದೆ ಕೂತಿದ್ರೆ ಹೀಗಾಗ್ತಿತ್ತಾ? ಮತ್ತೆ ಈ ದರಿದ್ರ ಪೆಟ್ಟಿಗೆ!" ಸಿಟ್ಟಿನಲ್ಲಿ ಪೆಟ್ಟಿಗೆಯನ್ನು ಲೋಟದ ಸಮೇತ ಎಳೆದರು. ಮಣ್ಣಿನ ಗುಡ್ಡೆಗೆ ಗುದ್ದಿದಾಗಲೂ ನಿಂತಿದ್ದ ಲೋಟ ಅವರ ಕೈಗೆ ಸಿಕ್ಕಿ ಮಗುಚಿತು. ಟೀಯೆಲ್ಲ ಮಾವ ಹೊಲಿದ ಸೀಟಿನ ಮೇಲೆ ಹರಡಿ, ಹೊಲಿಗೆಗಳ ಗುಂಟ ಒಳಕ್ಕಿಳಿಯಿತು.

ಸೂಜಿಯಮ್ಮ ತನ್ನ ಸೆರಗಿನಿಂದ ಒರೆಸಿದಳು. ಇಂಥವನಿಗೆ ಮಾತು ಖರ್ಚು ಮಾಡುವುದು ದಂಡ ಎನಿಸಿತ್ತು.

ಕೆಲಸದವರು ಕಾರನ್ನು ಹಿಂದಕ್ಕೆ ತಳ್ಳಿಕೊಟ್ಟರು. ಪ್ರದರ್ಶನದ ಮೈದಾನ ಮುಟ್ಟುವಾಗ ಬಿಸಿಲೇರಿತ್ತು, ಕಲೆ ಒಣಗಿ ಅಂಚು ಕಪ್ಪಾಗಿ ನಕ್ಷೆಯ ಹಾಗೆ ಕಾಣುತ್ತಿತ್ತು. ಸಾಲಾಗಿ ನಿಂತ ಕಾರುಗಳ ನಡುವೆ ತೀರ್ಪುಗಾರರೊಬ್ಬರು ಬಂದರು. ಕುತ್ತಿಗೆಗೆ ಭೂತಗನ್ನಡಿ ನೇತುಹಾಕಿಕೊಂಡ, ಹಳೆಯದೆಲ್ಲ ತನಗೇ ಗೊತ್ತು ಎನ್ನುವ ಗತ್ತಿನ ಮುದುಕರು. ಬಾಗಿಲು ತೆಗೆದು ಸೀಟಿಗೆ ಗಾಜು ಹಿಡಿದರು.

"ಆಹಾ!" ಎಂದರು. "ಹೊಲಿಗೆ ಅದ್ಭುತ. ಅದಕ್ಕಿಂತ ಈ ಕಲೆ ನೋಡಿ! ಎಲ್ಲರೂ ಉಜ್ಜಿ ಉಜ್ಜಿ ಹೊಸದು ಮಾಡಿಬಿಡ್ತಾರೆ. ಇಂಥದ್ದು ಬರೋಕೆ ಅರ್ಧ ಶತಮಾನ ಬೇಕು. ಕಾಲ ಬಿಟ್ಟ ಗುರುತು ಅಂದ್ರೆ ಇದು."

ದಾರಿಯುದ್ದಕ್ಕೂ ಆ ಕಲೆಗೆ ಹೆಂಡತಿಯನ್ನು ಬೈದಿದ್ದ ಡಾಕ್ಟರು ಕಣ್ಣು ಕೂಡ ಮಿಟುಕಿಸಲಿಲ್ಲ.

"ನಮ್ಮ ತಂದೆಯವರ ಕಾಲದ್ದು" ಎಂದರು. ದನಿಯಲ್ಲಿ ಸ್ವಲ್ಪ ಗದ್ಗದ ಕೂಡ ಇತ್ತು.

ತೀರ್ಪುಗಾರರು ತಲೆದೂಗಿ ಹಾಳೆಯ ಮೇಲೆ ಏನೋ ಬರೆಯಲು ಶುರುಮಾಡಿದರು. ಸೂಜಿಯಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದಿಂದ ಮೆಲುದನಿ ಬಂತು.

"ಅದು ಇವತ್ತು ಬೆಳಿಗ್ಗೆಯ ಟೀ, ಸಾರ್."

ತೀರ್ಪುಗಾರರ ಪೆನ್ನು ನಿಂತಿತು.

"ನಾನೇ ಮಾಡಿದ್ದು" ಎಂದಳು ಡಾಕ್ಟರ ಹೆಂಡತಿ. "ನಾಲ್ಕು ಚಮಚ ಸಕ್ಕರೆ. ಅವ್ರಿಗೆ ಅಷ್ಟು ಬೇಕು. ಮುಟ್ಟಿ ನೋಡಿ, ಇನ್ನೂ ಅಂಟು."

ಸುತ್ತ ನಿಂತವರಲ್ಲಿ ನಾಲ್ಕಾರು ಜನ ಡಾಕ್ಟರ ಬಳಿ ಹಲ್ಲು ಕೀಳಿಸಿಕೊಂಡವರೇ. ಸಕ್ಕರೆ ಮುಟ್ಟಬೇಡಿ ಎಂದು ಅವರಿಂದ ಬೈಸಿಕೊಂಡವರು. ಮೊದಲು ಒಬ್ಬ ಫಕ್ಕೆಂದ, ಆಮೇಲೆ ಎಲ್ಲರೂ ನಕ್ಕರು. ತೀರ್ಪುಗಾರರು ಮಾತ್ರ ನಗಲಿಲ್ಲ. ಬೆರಳಿಗೆ ಅಂಟಿದ್ದನ್ನು ಕರವಸ್ತ್ರಕ್ಕೆ ಒರೆಸಿ, ಬರೆದದ್ದನ್ನು ಹೊಡೆದುಹಾಕಿ, ಇಡೀ ಪ್ರಪಂಚವೇ ತಮಗೆ ಮೋಸ ಮಾಡಿದೆ ಎನ್ನುವ ಮುಖ ಹೊತ್ತು ಮುಂದಿನ ಕಾರಿಗೆ ಹೋದರು. ಅರ್ಧ ಶತಮಾನಕ್ಕೂ ಅರ್ಧ ದಿನಕ್ಕೂ ವ್ಯತ್ಯಾಸ ತಿಳಿಯದ ಈ ಮಹಾನುಭಾವ ಮಾವನ ಹೊಲಿಗೆಗೆ ಅಂಕ ಕೊಡಲು ಬಂದಿದ್ದನಲ್ಲ ಎಂದು ಸೂಜಿಯಮ್ಮನಿಗೆ ನಾಚಿಕೆಯಾಯಿತು.

"ಮನೆಗೆ ಬಾ, ಮಾತಾಡ್ತೀನಿ" ಎಂದರು ಡಾಕ್ಟರು ಹಲ್ಲು ಕಚ್ಚಿ.

"ಬರ್ತೀನಿ. ಬಸ್ಸಲ್ಲಿ" ಎಂದಳು ಆಕೆ. ಸೂಜಿಯಮ್ಮನೂ ಅವಳ ಜೊತೆ ಹೊರಟಳು.

ಬಸ್ಸಿನಲ್ಲಿ ಇಬ್ಬರಿಗೂ ಒಟ್ಟಿಗೆ ಜಾಗ ಸಿಗಲಿಲ್ಲ. ಇಳಿದ ಮೇಲೆ ನಿಲ್ದಾಣದಲ್ಲಿ ಸೂಜಿಯಮ್ಮ ಕೇಳಿದಳು:

"ಮನೇಲಿ ಏನಂತಾರೆ?"

"ಕೂಗ್ತಾರೆ. ಮೂರು ದಿನ ಮಾತು ಬಿಡ್ತಾರೆ." ಆಕೆ ಸ್ವಲ್ಪ ಯೋಚಿಸಿದಳು. "ಮೂರು ದಿನ ಹಾಯಾಗಿರುತ್ತೆ."

ಹದಿನೈದು ದಿನ ಕಳೆದ ಮೇಲೆ ಡಾಕ್ಟರೇ ಫೋನ್ ಮಾಡಿದರು. ಸೀಟಿನೊಳಗೆ ಇರುವೆ ಸೇರಿಕೊಂಡಿವೆಯಂತೆ, ಸಾವಿರಗಟ್ಟಲೆ. ಕಾಲು, ಬೆನ್ನು ಎಲ್ಲಾ ಕಚ್ಚುತ್ತವಂತೆ. ಈ ಸಲ ಅವರ ಬಾಯಲ್ಲಿ "ನೀವು" ಬಂತು.

ಸೂಜಿಯಮ್ಮ ಒಂದು ಗಳಿಗೆ ಇರುವೆಗಳ ಪರವಾಗಿ ಯೋಚಿಸಿದಳು. ಆದರೆ ಚರ್ಮ ಮಾವ ಹೊಲಿದದ್ದು. ಅದು ಯಾವ ತಪ್ಪೂ ಮಾಡಿರಲಿಲ್ಲ.

"ಕಾರು ಕಳ್ಸಿ. ನೀವು ಬರ್ಬೇಡಿ" ಎಂದು ಫೋನಿಟ್ಟಳು.

ಕಾರನ್ನು ಕ್ಲಿನಿಕ್ಕಿನ ಕಾಂಪೌಂಡರ್ ತಂದು ಬಿಟ್ಟುಹೋದ. ಅವಳು ಸೀಟು ಬಿಚ್ಚಿ, ಒಳಗಿನ ಹತ್ತಿಯನ್ನೆಲ್ಲ ತೆಗೆದು ಸುಟ್ಟು, ಚರ್ಮವನ್ನು ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ ಮತ್ತೆ ಹೊಲಿದಳು. ನಾಲ್ಕು ದಿನ ಹಿಡಿಯಿತು, ಹೊಸದಾಗಿ ಒಂದು ತೂತೂ ಬೀಳಲಿಲ್ಲ.