ಭೂತಮ್ಮನ ಕೂಗು

“ಊದಿ ತೋರ್ಸು ನೋಡಾಣ,” ಎಂದು ತೋಟದ ಲೆಕ್ಕ ಬರೆಯುವ ರೈಟರ್ ಕೃಷ್ಣಪ್ಪ ಹೊಸ ಸೀಟಿಯನ್ನು ನಂಜಮ್ಮನ ಕೈಗಿಟ್ಟ. ನಂಜಮ್ಮ ಕೆನ್ನೆ ಉಬ್ಬಿಸಿ ಊದಿದಳು.

“ಪೊಲೀಸಮ್ಮ ಬಂದ್ಲು ಕಣ್ರೇ!” ಕಾಫಿ ಕುಯ್ಯಲು ಬಂದ ಹೆಂಗಸರೆಲ್ಲ ನಕ್ಕರು. ಭೂತಮ್ಮನೂ ನಕ್ಕಳು, ಗಂಟಲಿಂದ ಬರೀ ಗಾಳಿ ಬಂತು.

ಇಪ್ಪತ್ತು ವರ್ಷ ತೋಟದಲ್ಲಿ ಕೂಗು ಹಾಕುವ ಕೆಲಸ ಭೂತಮ್ಮನದು. ರೊಬಸ್ಟಾ ಗಿಡಗಳ ಒಳಗೆ ಹೊಕ್ಕರೆ ಒಬ್ಬರಿಗೊಬ್ಬರು ಕಾಣುವುದಿಲ್ಲ; ಆನೆ ನಿಂತಿದ್ದರೂ ಗೊತ್ತಾಗುವುದಿಲ್ಲ. ಅದಕ್ಕೇ ಆಗಾಗ ಅವಳು ‘ಕೂ’ ಎಂದು ಕೂಗಬೇಕು, ಮೂಲೆಮೂಲೆಯಿಂದ ಒಬ್ಬೊಬ್ಬರೇ ‘ಓ’ ಅನ್ನಬೇಕು. ಓ ಅನ್ನದವಳನ್ನು ಹುಡುಕದೆ ಭೂತಮ್ಮ ಒಂದು ದಿನವೂ ತೋಟ ಬಿಟ್ಟವಳಲ್ಲ.

ದನಿ ಒಡೆದದ್ದು ಎರಡು ಕುಯ್ಲಿನ ಹಿಂದೆ. ಹಾಸನದ ಡಾಕ್ಟರು ಗಂಟಲಿಗೆ ಕನ್ನಡಿ ಇಳಿಸಿ ನೋಡಿ, “ಧ್ವನಿಪೆಟ್ಟಿಗೆ ಮೆದುಮೂಳೇಲಿ ಗಡ್ಡೆ, ಬಲು ಅಪರೂಪದ್ದು. ಕ್ಯಾನ್ಸರ್ ಅಲ್ಲ. ಆದ್ರೆ ಬೆಳೆಯುತ್ತೆ, ಚಿಕ್ಕದಿದ್ದಾಗ್ಲೇ ತೆಗೆಸ್ಕೊಂಬಿಡಮ್ಮ,” ಎಂದಿದ್ದರು. ಅವಳ ಕಿವಿಗೆ ಬಿದ್ದದ್ದು ನಡುವಿನ ಒಂದೇ ಮಾತು. ಕೂಲಿ ಲೈನಿನ ಮನೆಮನೆಗೂ ಬೆಲ್ಲ ಹಂಚಿದಳು. “ಕ್ಯಾನ್ಸರ್ ಅಲ್ವಂತೆ ಕಣ್ರೇ!” ಆಮೇಲೆ ಮೆಣಸಿನ ಕುಯ್ಲು ಬಂತು, ಮತ್ತೆ ಕಾಫಿ ಬಂತು; ಗಡ್ಡೆ ತೆಗೆಸುವುದು ಹಾಗೇ ಉಳಿಯಿತು.

ಹೋದ ವಾರ ಅದೇ ಡಾಕ್ಟರು, ಗಡ್ಡೆ ಬೆಳೆದುಬಿಟ್ಟಿದೆ ಎಂದು ತಲೆ ಅಲ್ಲಾಡಿಸಿದರು. ಇನ್ನು ಪೆಟ್ಟಿಗೆಯನ್ನೇ ತೆಗೆಯಬೇಕು, ಕುತ್ತಿಗೆಯಲ್ಲೊಂದು ತೂತು, ಅದರಲ್ಲೇ ಉಸಿರು. ಸೋಮವಾರ ಬಾ ಎಂದರು.

“ಜೀವ ಉಳಿತೈತಲ್ಲಕ್ಕ,” ಅಂದಳು ನಂಜಮ್ಮ, ಸೀಟಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತ. “ನಿನ್ ಕೂಗಿಗೆ ಆನೆನೂ ಎಡಕುಮೇರಿ ಕಾಡು ದಾಟ್ತಿತ್ತು.”

“ಮಧ್ಯಾಹ್ನಕ್ಕೇ ಮನೆಗೆ ಹೋಗು ಭೂತಮ್ಮ,” ಎಂದ ಕೃಷ್ಣಪ್ಪ.

ಅವಳು ಹೋಗಲಿಲ್ಲ. ಲೈನಿನಲ್ಲಿ ಒಬ್ಬಳೇ ಕೂತು ಮಾಡುವುದೇನು? ತೋಟದ ತಳದ ಸಾಲಿಗೆ ಇಳಿದು ಕುಯ್ಯುತ್ತಲೇ ಇದ್ದಳು.

ಸಂಜೆ ಕುಯ್ದ ಹಣ್ಣಿನ ತೂಕದ ಹೊತ್ತಿಗೆ ಮೇಲಿನಿಂದ ಸೀಟಿ ಕೇಳಿತು. ಓ. ಓ. ಓ. ಯಾವ ದನಿ ಯಾರದೆಂದು ಅವಳಿಗೆ ಗೊತ್ತು. ಎಲ್ಲರದೂ ಮುಗಿದ ಮೇಲೆ ಭೂತಮ್ಮ ಬಾಯಿ ತೆರೆದಳು.

“ಭೂತಕ್ಕ?” ಯಾರೋ ಕೇಳಿದರು.

“ಮಧ್ಯಾಹ್ನನೇ ಹೋಗ್ಬುಟ್ಳಲ್ಲೇ. ನಡೀರಿ, ಕತ್ಲಾಗ್ತೈತೆ.” ಅದು ನಂಜಮ್ಮ.

ಭೂತಮ್ಮ ಏರು ಹತ್ತಲು ನೋಡಿದಳು. ನಾಲ್ಕು ಹೆಜ್ಜೆಗೆ ಉಸಿರು ಸಿಕ್ಕಿಕೊಂಡಿತು. ಪಕ್ಕದ ಗಿಡವನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲುಗಿಸಿದಳು. ಹಣ್ಣು ಪಟಪಟನೆ ಉದುರಿತು. ಮೇಲೆ ಮಾತು ಥಟ್ಟನೆ ನಿಂತಿತು.

“ಆನೆ ಕಣ್ರೇ! ಓಡ್ರೇ!”

ಕಾಲಸಪ್ಪಳ ದೂರವಾಯಿತು. ಗಿಡ ಇನ್ನೂ ಸ್ವಲ್ಪ ಹೊತ್ತು ಅಲುಗಿ ನಿಂತಿತು. ಭೂತಮ್ಮ ಕುಕ್ಕರಗಾಲಿನಲ್ಲಿ ಕೂತು, ಉದುರಿದ ಹಣ್ಣನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕತೊಡಗಿದಳು.