ಹೆಣ್ಣು ನೋಡಲು ಹೋದ ಟೇಪ್‌ರೆಕಾರ್ಡರ್

“ಅದನ್ನ ಯಾಕಪ್ಪಾ ತಂದ್ರಿ?”

“ನೀನು ಮಾತಾಡ್ತೀಯಾ? ಅದು ಮಾತಾಡತ್ತೆ.”

ವೆಂಕಟರಾಯಪ್ಪ ಟೇಪ್‌ರೆಕಾರ್ಡರನ್ನು ಬಸ್ಸಿನ ಸೀಟಿನಲ್ಲಿ ಪಕ್ಕಕ್ಕೇ ಕೂರಿಸಿಕೊಂಡಿದ್ದರು. ಮಗ ಕದಿರೇಶನಿಗೆ ಉಳಿದದ್ದು ಸೀಟಿನ ಅಂಚು. ಕ್ಯಾಲನೂರಿನಿಂದ ಹುತ್ತೂರಿಗೆ ಹೆಣ್ಣು ನೋಡಲು ಹೊರಟವರು ಹೀಗೆ ಮೂವರು. ಇಸವಿ 1989. ಕದಿರೇಶನಿಗೆ ಇಪ್ಪತ್ತನಾಲ್ಕು, ಕೋಲಾರದ ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರು. ಮನೆಯಲ್ಲಿ ಮಾತ್ರ ಅವನ ವಯಸ್ಸು ಇನ್ನೂ ಆರು.

ದೊಡ್ಡಪ್ಪ ಮದ್ರಾಸಿನಿಂದ ಆ ಪೆಟ್ಟಿಗೆ ತಂದಾಗ ಅವನಿಗೆ ಆರು ವರ್ಷ. ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡು ರುಬ್ಬುವ ಕಲ್ಲು, ಎಮ್ಮೆ, ಮುಳಬಾಗಿಲಿನ ಬಸ್ಸು, ಅಜ್ಜಿಯ ಗೊರಕೆ, ಸಿಕ್ಕಿದ್ದನ್ನೆಲ್ಲ ಹಿಡಿದ. ಸೆಲ್ಲು ಸೊರಗಿದರೆ ಬಿಸಿಲಿಗಿಟ್ಟ, ಟೇಪು ಹೊರಬಂದರೆ ಪೆನ್ಸಿಲ್ ತೂರಿಸಿ ಸುತ್ತಿದ. ಅಷ್ಟು ಸುಖ ಆಮೇಲೆ ಅವನಿಗೆ ಯಾವುದರಲ್ಲೂ ಸಿಗಲಿಲ್ಲ. ಉಳಿದ ಟೇಪುಗಳೆಲ್ಲ ಬೂಷ್ಟು ಹಿಡಿದು ಹೋದವು. ಒಂದೇ ಒಂದು ಬದುಕಿತು. ಅದರಲ್ಲಿ ಅವನದೇ ದನಿ:

“ಅಪ್ಪಾ, ನಾನು ಇದ್ರೊಳಗೇ ಸಿಕ್ಕಾಕ್ಕೊಂಡ್ರೆ ಊಟಕ್ಕೆ ಹೆಂಗ್ ಬರ್ಲಿ?”

ಹದಿನೆಂಟು ವರ್ಷದಿಂದ ನಾಮಕರಣ, ಗೃಹಪ್ರವೇಶಗಳಲ್ಲಿ, ಒಮ್ಮೆ ತಿಥಿಯಲ್ಲೂ, ನೆಂಟರು ಅದನ್ನು ಕೇಳಿ ಅದೇ ಜಾಗದಲ್ಲಿ ನಗುತ್ತಿದ್ದರು. ಕದಿರೇಶ ಏನಾದರೂ ಹೇಳಲು ಬಾಯಿ ತೆರೆದರೆ, “ಇರಪ್ಪ, ಇನ್ನೊಂದ್ಸಲ ಹಾಕ್ಲಿ” ಎನ್ನುತ್ತಿದ್ದರು. ಟೇಪಿನೊಳಗಿನ ಆ ಹುಡುಗನ ಮೇಲೆ ಅವನಿಗೆ ಹೊಟ್ಟೆಕಿಚ್ಚು. ಹೇಳಿಕೊಂಡರೆ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಇವತ್ತು ಒಂದು ಮಾತನ್ನು ತಾನೇ ಹೇಳಬೇಕೆಂದು ನಿಶ್ಚಯಿಸಿದ್ದ. ನಿಮಗೆ ನಾನು ಇಷ್ಟಾನಾ? ಬಚ್ಚಲಲ್ಲಿ ಹನ್ನೊಂದು ಸಲ ಹೇಳಿ ನೋಡಿಕೊಂಡಿದ್ದ.

ಹುತ್ತೂರಿನ ಮನೆಯಲ್ಲಿ ಹುಡುಗಿ ಗಂಗರತ್ನಮ್ಮ ಕಾಫಿ ತಂದಿಟ್ಟಳು. ಅವಳ ಅಪ್ಪ ಕೋದಂಡರಾಮಪ್ಪ ಅವಸರದಲ್ಲಿದ್ದರು. ನಾಲ್ಕನೇ ಜ್ವರ ಎದ್ದ, ಎಂದರೆ ಕೊನೆಯ ಸಲ ಪೊರೆ ಕಳಚಿದ ರೇಷ್ಮೆ ಹುಳಕ್ಕೆ ಇನ್ನು ಐದಾರು ದಿನ ಬಿಡುವಿಲ್ಲದೆ ಸೊಪ್ಪು ಹಾಕಬೇಕು.

“ಹುಡುಗ ಮಾತು ಕಮ್ಮಿಯೋ?” ಎಂದರು.

ವೆಂಕಟರಾಯಪ್ಪ ಇದಕ್ಕೇ ಕಾದಿದ್ದವರಂತೆ ಗುಂಡಿ ಒತ್ತಿದರು. ಹುಡುಗ ಊಟದ ಚಿಂತೆ ಹೇಳಿಕೊಂಡ. ಕೋದಂಡರಾಮಪ್ಪ ತೊಡೆ ತಟ್ಟಿ ನಕ್ಕರು. ಗಂಗರತ್ನಮ್ಮ ಸೆರಗು ಬಾಯಿಗೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ನನಗಂತೂ ಹುಡುಗ ಹಿಡಿಸಿದ” ಎಂದರು ಕೋದಂಡರಾಮಪ್ಪ. ಯಾವ ಹುಡುಗ ಎಂದು ಅವರು ಹೇಳಲಿಲ್ಲ.

“ಸೆಲ್ಲು ಸಡಿಲ ಆಗಿದೆ, ಸರಿ ಮಾಡ್ತೀನಿ” ಎಂದು ಕದಿರೇಶ ಪೆಟ್ಟಿಗೆ ಎತ್ತಿಕೊಂಡು ಹಿತ್ತಲಿಗೆ ಹೋದ. ಹುಳದ ಮನೆಯ ಜಾಲರಿ ಕಿಟಕಿಯ ಕೆಳಗೆ ಕೂತು, ಟೇಪನ್ನು ಹಿಂದಕ್ಕೆ ಸುತ್ತಿ, ಕೆಂಪು ಗುಂಡಿ ಒತ್ತಿದ. ಹುಡುಗ ಅಳಿಸಿಹೋಗಲಿ. ಅವನ ಜಾಗದಲ್ಲಿ ತನ್ನ ಪ್ರಶ್ನೆ ಇರಲಿ. ಇವರು ಕೇಳುವುದು ಹೇಗೂ ಪೆಟ್ಟಿಗೆ ಹೇಳಿದ್ದನ್ನೇ ಅಲ್ಲವೇ.

ಟೇಪು ತಿರುಗಿತು. ಬಾಯಿ ತೆರೆದ. ದಿನಕ್ಕೆ ನಾಲ್ಕು ಪಾಠ ಮಾಡುವ ಗಂಟಲಿನಿಂದ ಏನೂ ಬರಲಿಲ್ಲ. ಕಿಟಕಿಯ ಆಚೆ ಸಾವಿರಾರು ಹುಳಗಳು ಚರಚರ ಸದ್ದು ಮಾಡುತ್ತ ಸೊಪ್ಪು ತಿನ್ನುತ್ತಿದ್ದವು. ಹುಡುಗನ ಪಾಲಿನ ಮೂರು ನಿಮಿಷ ಮುಗಿಯಿತು.

ಒಳಗೆ ಬಂದಾಗ ಹುಡುಗಿಯ ಅಜ್ಜಿ ಅಕ್ಕಯಮ್ಮ ತೋಟದಿಂದ ಬಂದು ಕೂತಿದ್ದರು. “ನೇನು ವಿನಲೇದು” ಎಂದರು. ಟೇಪನ್ನು ತಾನು ಕೇಳಿಲ್ಲ ಎಂದು ತೆಲುಗಿನಲ್ಲಿ ತಕರಾರು. ಕದಿರೇಶ “ಬೇಡಪ್ಪಾ” ಎನ್ನುವಷ್ಟರಲ್ಲಿ, ಅಜ್ಜಿಗೆ ಕಿವಿ ಮಂದವೆಂದು ವೆಂಕಟರಾಯಪ್ಪ ಟೇಪು ಹಿಂದಕ್ಕೆ ಸುತ್ತಿ, ಸದ್ದನ್ನು ಪೂರ್ತಿ ಏರಿಸಿ ಗುಂಡಿ ಒತ್ತಿದರು.

ಹೆಂಚಿನ ಮೇಲೆ ಜೋರು ಮಳೆ ಸುರಿಯಿತು.

“ವಾನ! ಮಳೆ! ಸೊಪ್ಪು, ಸೊಪ್ಪು!” ಅಜ್ಜಿ ಕೋಲು ಬಿಟ್ಟು ಎದ್ದು ಹೊರಗೆ ನಡೆದರು. ಹುಳ ಒದ್ದೆ ಸೊಪ್ಪು ತಿಂದರೆ ಬೆಳೆಯೇ ಹೋಯಿತು. ಕೋದಂಡರಾಮಪ್ಪ ಗೋಣಿಚೀಲದ ಕೊಪ್ಪೆ ತಲೆಗೇರಿಸಿ ಅಂಗಳಕ್ಕೆ ಓಡಿದರು. ಗುಂಡಿ ಒತ್ತಿದ ವೆಂಕಟರಾಯಪ್ಪನವರೇ ಅವರ ಹಿಂದೆ ಪಂಚೆ ಎತ್ತಿ ಕಟ್ಟಿ ಓಡಿದರು. ಹಗಲೂ ರಾತ್ರಿ ಆ ಸದ್ದಿನ ಪಕ್ಕದಲ್ಲೇ ಇರುವವರಿಗೂ, ಪೆಟ್ಟಿಗೆಯಿಂದ ಬರುತ್ತಿರುವುದು ತಮ್ಮ ಹುಳ ಸೊಪ್ಪು ಮೇಯುವ ಸದ್ದೆಂದು ಹೊಳೆಯಲಿಲ್ಲ. ಹನ್ನೆರಡು ಗಂಟೆಯ ಬಿಸಿಲಿನಲ್ಲಿ ಬೀಗರಿಬ್ಬರೂ ನೆನೆಯದಂತೆ ತಲೆ ತಗ್ಗಿಸಿಕೊಂಡು, ಚಪ್ಪರದ ಕೆಳಗಿನ ಸೊಪ್ಪನ್ನು ಬಾಚಿ ಬಾಚಿ ಜಗಲಿಗೆ ಹಾಕಿದರು.

ಬಾಗಿಲಲ್ಲಿ ಗಂಗರತ್ನಮ್ಮ ಒಬ್ಬಳೇ ನಿಂತಿದ್ದಳು. ಕದಿರೇಶ ಪೆಟ್ಟಿಗೆಯ ಪಕ್ಕದಲ್ಲೇ ಉಳಿದಿದ್ದ.

“ನಿಮಗೆ ನಾನು ಇಷ್ಟಾನಾ?” ಎಂದ.

ಅವಳು ತಿರುಗಿದಳು. “ಏನಂದ್ರಿ? ಈ ಮಳೇಲಿ ಏನೂ ಕೇಳಿಸ್ತಿಲ್ಲ.”

ಕದಿರೇಶ ಸ್ಟಾಪ್ ಗುಂಡಿಯ ಮೇಲೆ ಬೆರಳಿಟ್ಟ. ಒತ್ತಿದರೆ ಮಳೆ ನಿಲ್ಲುತ್ತದೆ. ಆಗ ಅವನು ಇನ್ನೊಂದು ಸಲ ಹೇಳಬೇಕಾಗುತ್ತದೆ.

ಬೆರಳು ಹಾಗೆಯೇ ಇತ್ತು. ಗಂಗರತ್ನಮ್ಮ ಸೂರಿನಾಚೆಗೆ ಅಂಗೈ ಚಾಚಿ, ಉರಿಬಿಸಿಲಿನಲ್ಲಿ ಮೊದಲ ಹನಿಗಾಗಿ ಕಾಯುತ್ತಿದ್ದಳು.