ಸೂಜಿಮೊನೆಯಷ್ಟು ಡೀಸೆಲ್

ಟ್ರ್ಯಾಕ್ಟರಿನ ಡೀಸೆಲ್ ಟ್ಯಾಂಕಿಗೆ ಮುಚ್ಚಳವೇ ಬೇಕೋ, ಹಳೆಯ ಟವೆಲಿನ ತುಂಡು ಸಾಕೋ ಎಂಬುದು ವಿದ್ವಾಂಸರು ಸಭೆ ಸೇರಿ ಇತ್ಯರ್ಥ ಮಾಡಬೇಕಾದ ಗಹನವಾದ ಪ್ರಶ್ನೆ. ನಿವೃತ್ತ ಗಣಿತದ ಟೀಚರಮ್ಮ ಯಾರನ್ನೂ ಕೇಳದೆ ಅದನ್ನು ಬಗೆಹರಿಸಿಬಿಟ್ಟಿದ್ದರು. ಮುಚ್ಚಳ ಕಳೆದ ದಿನವೇ ಟವೆಲಿನ ತುಂಡೊಂದನ್ನು ಉಂಡೆ ಮಾಡಿ ಟ್ಯಾಂಕಿನ ಬಾಯಿಗೆ ತುರುಕಿದರು. ಎರಡು ತಿಂಗಳು ಟ್ರ್ಯಾಕ್ಟರ್ ತಕರಾರು ಮಾಡಲಿಲ್ಲ. ಮೂರನೇ ತಿಂಗಳು ಉಬ್ಬಸದವರ ಹಾಗೆ ಎಳೆದೆಳೆದು ಓಡಿ, ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟಿತು.

ರಿಪೇರಿಯ ಮೇಸ್ತ್ರಿ ಬಂದ. ನಲವತ್ತೈದು ದಾಟಿದ ಈ ಮೇಸ್ತ್ರಿ ಏಳನೇ ತರಗತಿಯಲ್ಲಿ ಇದೇ ಟೀಚರಮ್ಮನ ಕೈಯಲ್ಲಿ ಎರಡು ಸಲ ಫೇಲಾದವನು. ಯಾವ ಎಂಜಿನ್ನಿಗೂ ಹೆದರದವನು ಅವರ ಮುಂದೆ ಮಾತ್ರ ಇವತ್ತಿಗೂ ಕೈಕಟ್ಟಿಯೇ ನಿಲ್ಲುತ್ತಿದ್ದ.

"ಟೀಚರ್, ಡೀಸೆಲ್ ಜೊತೆ ನೂಲೂ ಕುಡಿಸಿದ್ದೀರಲ್ಲ."

"ಒಗೆದ ಟವೆಲೇ ಕಣೋ ಅದು."

"ಒಗೆದಿದ್ದಕ್ಕೇ ನೂಲು ಬಿಟ್ಟಿದೆ."

ಟ್ಯಾಂಕ್ ಖಾಲಿ ಮಾಡಿದ. ತಳದಲ್ಲಿ ಚಹಾದ ಚರಟದಂಥ ಗಸಿ, ಅದರೊಳಗೆ ಹೆಣೆದುಕೊಂಡ ನೂಲು. ಒಳ್ಳೆಯ ಡೀಸೆಲ್ ಹಾಕಿ ಎರಡು ಸಲ ಕುಲುಕಿ ಚೆಲ್ಲಿದ. ನೀರು ತಂಗುವ ಗಾಜಿನ ಬಟ್ಟಲನ್ನು ಒರೆಸಿ, ಫಿಲ್ಟರ್ ಬದಲಿಸಿದ. ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ, ಗುಳ್ಳೆಗಳು ನಿಂತು ಡೀಸೆಲ್ ಒಂದೇ ಧಾರೆಯಾಗುವವರೆಗೆ ಗಾಳಿ ತೆಗೆದ. ಎಂಜಿನ್ ಎದ್ದಿತು, ಆದರೆ ಕುಂಟುತ್ತಿತ್ತು. ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಮೂರು ಇಂಜೆಕ್ಟರುಗಳ ಪೈಪುಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಕಿವಿಗೊಟ್ಟ. ಮೊದಲೆರಡಕ್ಕೆ ಸದ್ದು ಬದಲಾಯಿತು, ಮೂರನೆಯದಕ್ಕೆ ಇಲ್ಲ. ಕಳ್ಳ ಸಿಕ್ಕಿಬಿದ್ದ.

ಮೂರನೇ ಇಂಜೆಕ್ಟರನ್ನು ಬಿಚ್ಚಿ, ತೊಳೆದು, ಮೂತಿ ಹೊರಗಿರುವಂತೆ ಮತ್ತೆ ಪೈಪಿಗೆ ಸಿಕ್ಕಿಸಿದ. ಡೀಸೆಲ್ ಮಂಜಿನ ಹಾಗೆ ಚಿಮ್ಮಿದರೆ ಸರಿ, ತೊಟ್ಟಿಕ್ಕಿದರೆ ಕೆಟ್ಟಿದೆ ಎಂದರ್ಥ. ಟೀಚರಮ್ಮ ಸೀಟು ಹತ್ತಿ ಕೀ ತಿರುಗಿಸಿದರು. ಮೇಸ್ತ್ರಿಯ ಕನ್ನಡಕದ ತುಂಬ ಡೀಸೆಲ್, ಏನೂ ಕಾಣಲಿಲ್ಲ. ಕಣ್ಣಿಗೆ ಕಾಣದ್ದನ್ನು ಕೈಯನ್ನು ಕೇಳುವುದು ಅವನ ಇಪ್ಪತ್ತೈದು ವರ್ಷಗಳ ಚಟ. ಎಡಗೈಯ ತೋರುಬೆರಳು ತಾನಾಗಿ ಮೂತಿಯ ಮುಂದೆ ಹೋಯಿತು.

ಇರುವೆ ಕಚ್ಚಿದಷ್ಟಾಯಿತು.

"ನಿಲ್ಲಿಸಿ!"

ಕನ್ನಡಕ ಒರೆಸಿ ನೋಡಿದ. ಬೆರಳ ತುದಿಯಲ್ಲಿ ಸೂಜಿಮೊನೆಯಷ್ಟು ಚುಕ್ಕೆ. ರಕ್ತವಿಲ್ಲ, ನೋವಿಲ್ಲ. ನೋವಿಲ್ಲವೆಂಬುದೇ ಅವನನ್ನು ಹೆದರಿಸಿತು.

ಅವನಿಗೆ ಕೆಲಸ ಕಲಿಸಿದ ಗುರುವಿನ ಎಡಗೈಯಲ್ಲಿ ಎರಡೇ ಬೆರಳಿದ್ದವು. ಉಳಿದವನ್ನು ಫ್ಯಾನ್ ಬೆಲ್ಟ್ ತಿಂದಿತೆಂದು ಗಿರಾಕಿಗಳಿಗೆ ಹೇಳುತ್ತಿದ್ದ. ನಿಜ ಗೊತ್ತಿದ್ದವನು ಮೇಸ್ತ್ರಿಯೊಬ್ಬನೇ. ಗುರುವಿಗೂ ಆಗಿದ್ದು ಇಂಥದೇ ಚುಕ್ಕೆ, ಮೇಲಿಷ್ಟು ಮುಲಾಮು, ಸಂಜೆಯವರೆಗೂ ಕೆಲಸ. ಮೂರನೇ ದಿನ ಕೈ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಚರ್ಮ ಸೀಳಿ ಒಳಹೊಕ್ಕ ಡೀಸೆಲ್ ಸದ್ದಿಲ್ಲದೆ ಮಾಂಸವನ್ನು ಕೊಳೆಸಿತ್ತು.

ಇಂಜೆಕ್ಟರಿನ ಮುಂದೆ ಬೆರಳಿಡುವವನು ಈ ಕಸುಬಿನಲ್ಲಿ ನಗೆಪಾಟಲು. ಮೇಸ್ತ್ರಿ ಬೆರಳನ್ನು ಅಂಗಿಗೆ ಒರೆಸಿಕೊಂಡು ಸ್ಪ್ಯಾನರ್ ಎತ್ತಿಕೊಂಡ. ಆದರೆ ಬೆರಳು ತನ್ನದಲ್ಲವೆಂಬಂತೆ ದಪ್ಪವಾಗುತ್ತಿತ್ತು. ಸ್ಪ್ಯಾನರ್ ಎರಡು ಸಲ ಜಾರಿತು.

"ಏನೋ ಅದು? ಕೈ ತೋರ್ಸು."

"ಏನಿಲ್ಲ ಟೀಚರ್."

"ಪರೀಕ್ಷೇಲೂ ಹೀಗೇ ಉತ್ತರಪತ್ರಿಕೆ ಮುಚ್ಕೊಂಡು ಕೂರ್ತಿದ್ದೆ. ತೋರ್ಸೋ!"

ಹೇಳಿಬಿಟ್ಟ, ಗುರುವಿನ ಕೈಯನ್ನೂ ಸೇರಿಸಿ. ಟೀಚರಮ್ಮ ನಗಲಿಲ್ಲ.

"ಎಷ್ಟು ಹೊತ್ತಿದೆ ನಮಗೆ?"

"ಚುಚ್ಚಿದ ಆರು ಗಂಟೆಯೊಳಗೆ ಬಂದಿದ್ರೆ ಬೆರಳು ಉಳೀತಿತ್ತು ಅಂದಿದ್ರಂತೆ ಡಾಕ್ಟರು, ಗುರುಗೆ."

"ಸ್ಕೂಟರ್ ಹತ್ತು."

ಇಳಿಬಿಟ್ಟರೆ ಬೆರಳು ಮಿಡಿಯುತ್ತಿತ್ತು. ಹಾಗಾಗಿ ಮೇಸ್ತ್ರಿ ಹಿಂದಿನ ಸೀಟಿನಲ್ಲಿ ಉತ್ತರ ಗೊತ್ತಿರುವ ಹುಡುಗನ ಹಾಗೆ ಕೈ ಎತ್ತಿ ಕೂತ. ಶಾಲೆಯಲ್ಲಿ ಆ ಕೈ ಎಂದೂ ಮೇಲೆದ್ದಿರಲಿಲ್ಲ. ದಾರಿಯುದ್ದಕ್ಕೂ ಬೆರಳುಗಳನ್ನು ಎಣಿಸುತ್ತಿದ್ದ. ಐದೂ ಇದ್ದವು. ಮತ್ತೆ ಎಣಿಸಿದ.

ಆಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. "ಇಷ್ಟಕ್ಕೆಲ್ಲ ಎಮರ್ಜೆನ್ಸಿನಾ? ಒಂದು ಇಂಜೆಕ್ಷನ್ ಕೊಡ್ತೀನಿ. ಮುಲಾಮು ಹಚ್ಕೊಳ್ಳಿ, ಸಾಕು."

ಮುಲಾಮು ಎಂಬ ಮಾತಿಗೆ ಮೇಸ್ತ್ರಿ ಕೈ ಹಿಂದಕ್ಕೆಳೆದುಕೊಂಡ. "ಮುಲಾಮು ಬೇಡ ಸಾರ್. ಕೊಯ್ದುಬಿಡಿ."

ಡಾಕ್ಟರು ಟೀಚರಮ್ಮನ ಕಡೆ ತಿರುಗಿದರು. "ಇವರ ತಲೆ ಸರಿಯಾಗಿದೆ ತಾನೇ?"

"ಲೆಕ್ಕದಲ್ಲಿ ಇಲ್ಲ. ಎಂಜಿನ್ ವಿಷಯದಲ್ಲಿ ಇವನು ತಪ್ಪು ಹೇಳಲ್ಲ. ನಿಮ್ಮ ದೊಡ್ಡ ಡಾಕ್ಟರನ್ನ ಕರೀರಿ."

"ಮೇಡಂ, ಅವರು ಊಟಕ್ಕೆ..."

ಮೇಸ್ತ್ರಿಗೆ ಮಾತಿನಲ್ಲಿ ನಂಬಿಕೆ ಹೋಯಿತು. ಬಲಗೈಯಿಂದ ಬೆರಳ ಬುಡ ಹಿಡಿದು, ಟ್ಯೂಬ್ ಹಿಂಡುವಂತೆ ತುದಿಯವರೆಗೆ ಒತ್ತಿದ. ಈಗ ನೋವಾಯಿತು. ಚುಕ್ಕೆಯಿಂದ ಸಾಸಿವೆಯಷ್ಟು ಹನಿ ಹೊರಬಂತು. ಕೆಂಪಗಿರಲಿಲ್ಲ. ಬಿಳಿ ಪರದೆಯ ಆ ಪುಟ್ಟ ಕೋಣೆಯಲ್ಲಿ ಪೆಟ್ರೋಲ್ ಬಂಕಿನ ವಾಸನೆ ಎದ್ದಿತು.

ಡಾಕ್ಟರ ಮುಖದ ನಗು ಆರಿಹೋಯಿತು. ಫೋನ್ ಎತ್ತಿಕೊಂಡರು.

ದೊಡ್ಡ ಡಾಕ್ಟರು ಕೈ ಒರೆಸಿಕೊಳ್ಳುತ್ತಲೇ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಹೊತ್ತಾಯ್ತು?"

"ಎರಡು ಗಂಟೆ." ಮೇಸ್ತ್ರಿ ಕೈ ಮುಂದೆ ಚಾಚಿದ. "ಎಷ್ಟು ಬೆರಳು ಹೋಗುತ್ತೆ ಸಾರ್?"

"ತೆರೆದು ನೋಡದೆ ಹೇಳೋಕಾಗಲ್ಲ."

ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ. ಗಾಲಿಮಂಚ ಬಾಗಿಲು ದಾಟುವವರೆಗೂ ಟೀಚರಮ್ಮ ಅವನ ಇನ್ನೊಂದು ಕೈ ಬಿಡಲಿಲ್ಲ.

ಬೆರಳನ್ನು ತುದಿಯಿಂದ ಅಂಗೈವರೆಗೆ ಸೀಳಿ ತೊಳೆದರು. ಎರಡು ದಿನ ಬಿಟ್ಟು ಮತ್ತೊಮ್ಮೆ ತೊಳೆದರು. ಬೆರಳು ಉಳಿಯಿತು. ತುದಿಯ ಗೆಣ್ಣು ಮಾತ್ರ ಇವತ್ತಿಗೂ ಮಡಚುವುದಿಲ್ಲ.